ನಿಂತಲ್ಲೇ ಹೋಗುವ ಸೈಕಲ್ಲು

ಅಥಣಿ ರಸ್ತೆಯ ನನ್ನ ಅಂಗಡಿಗೆ ಬಂದವರೆಲ್ಲಾ
ಮೊದಲು ಕೇಳೂದು ಒಂದೇ ಮಾತು:
ಒಮ್ಮೆ ಚಾರ್ಜ್ ಮಾಡಿದ್ರ ಎಷ್ಟು ದೂರ ಹೋಗತೈತ್ರಿ?
ಹಾಲಿನವ, ಪೇಪರ್ ಹುಡುಗ,
ತೊರವಿಯ ದ್ರಾಕ್ಷಿ ಪಡದ ವಾಚಮನ್ —
ಎಲ್ಲರಿಗೂ ಮೂವತ್ತು ಕಿಲೋಮೀಟರ್ ಅಂತೀನಿ,
ಎದುರುಗಾಳಿ ಇದ್ದರೆ ಇಪ್ಪತ್ತೈದು.

ಬುಡ್ಡೇಸಾಬ ಶಿಕಲಗಾರ ಕೇಳಲಿಲ್ಲ.
ದೂಡಿಕೊಂಡು ಬಂದು ಸ್ಟ್ಯಾಂಡ್ ಹಾಕಿ
"ಇದು ಎಲ್ಲಿಗೂ ಹೋಗೂದಿಲ್ಲ ಬೇಟಿ,
ನಿಂತಲ್ಲೇ ತಿರುಗಬೇಕು" ಅಂದ.

ಹಳೇ ಅಟ್ಲಾಸ್. ಹ್ಯಾಂಡಲ್ ಹಿಂದೆ ಸಾಣೆಕಲ್ಲು,
ಗಾಲಿಯಿಂದ ಕಲ್ಲಿಗೆ ಒಂದು ಪಟ್ಟಾ.
ನಲವತ್ತು ವರ್ಷ ಊರಿನ ಕತ್ತರಿ, ಇಳಗಿ, ಕುಡಗೋಲುಗಳನ್ನು
ಬೆಳ್ಳಗೆ ಮಾಡಿದ ಬಲಮೊಣಕಾಲು
ಈಗ ಮೆಟ್ಟಿಲು ಕಂಡರೆ ಲೆಕ್ಕ ಹಾಕುತ್ತದೆ.

ಮೂವತ್ತಾರು ಕಡ್ಡಿ ಬಿಚ್ಚಿದೆ. ಮೋಟಾರಿನ ಹಬ್ ಸುತ್ತ
ಗಿಡ್ಡ ಕಡ್ಡಿಗಳನ್ನು ಹೆಣೆದೆ.
ಆಕ್ಸಲ್ ದಪ್ಪ, ಚೌಕಟ್ಟಿನ ಬಾಯಿ ಸಣ್ಣದು.
ಕಾನಸು ಎತ್ತಿಕೊಂಡದ್ದೇ ತಡ, ಅವನು ನನ್ನ ಕೈಯಿಂದ ಕಸಿದ:
"ಇದು ನಿನ್ನ ಕೆಲಸ ಅಲ್ಲ, ನಮ್ಮದು."
ಅಷ್ಟು ಸಪಾಟಾದ ಬಾಯಿ ನಾನು ಇನ್ನೂ ಯಾವ ಸೈಕಲ್ಲಿಗೂ
ತೆಗೆದುಕೊಟ್ಟಿಲ್ಲ.

ಬ್ಯಾಟರಿಗೆ ಜೈತೂನಬಿ ಕೌದಿಯ ಚೀಲ ಹೊಲಿದು ಕಳಿಸಿದ್ದಳು,
ಕೂಸಿಗೆ ಹೊಲಿದಂತೆ, ಮೂಲೆಗೆ ಕೆಂಪು ಗುಬ್ಬಿ ಹಾಕಿ.
ಮೀಟರ್ ಬ್ಯಾಡ ಅಂದ.
ಕಿಟ್ ಜೋಡಿ ಬರತೈತಿ, ಇರಲಿ ಬಿಡು ಅಂದೆ.

ಹಳದಿಗೆ ಹಳದಿ, ಹಸಿರಿಗೆ ಹಸಿರು —
ಅವಸರದಲ್ಲಿ ಎಲ್ಲೋ ನೀಲಿಗೆ ಹಸಿರು ಕೂಡಿ
ಗಾಲಿ ಹಿಂದಕ್ಕೆ ತಿರುಗಿತು.
ನಾನು ಸ್ವಿಚ್ಚಿಗೆ ಹಾರಿದೆ.
"ತಡಿ, ತಡಿ," ಅಂದ ಬುಡ್ಡೇಸಾಬ,
"ಇಲ್ಲಿತನಕಾ ತುಳಿದದ್ದನ್ನೆಲ್ಲಾ
ಬಿಚ್ಚಾಕ ಹತ್ತೇತಿ, ಬಿಚ್ಚಲಿ."
ಬೀಡಿ ಹಚ್ಚಿಕೊಂಡು ನೋಡುತ್ತ ಕುಂತ,
ಬೀಡಿ ತೀರುವವರೆಗೆ.

ಸರಿಮಾಡಿ ಥ್ರಾಟಲ್ ಪೂರಾ ತಿರುವಿದೆ, ನನ್ನ ಹೆಮ್ಮೆ ತೋರಿಸಲು.
ಕಲ್ಲು ಕಿರುಚಿತು. ನನ್ನದೇ ಚಾಕು,
ತುದಿಯಲ್ಲಿ ನವಿಲುಗರಿಯಂಥ ನೀಲಿ.
ಅವನು ಅದನ್ನು ಬೆಳಕಿಗೆ ಹಿಡಿದು ಹೊಳ್ಳಿಸಿ ನೋಡಿದ:
"ನೀರು ಸುಟ್ಟಿತು. ಇನ್ನ ಇದು ಬರೇ ತಗಡು."
ಆ ದಿನ ನಾನು ಮೊದಲ ಸಲ ಒಂದು ಮೋಟಾರನ್ನು
ನಿಧಾನ ಮಾಡುವುದಕ್ಕೆ
ಮಧ್ಯಾಹ್ನವೆಲ್ಲಾ ಕಳೆದೆ.

ತಿಂಗಳ ಮೇಲೆ ಬಾರಾಕಮಾನಿನ ನೆರಳಲ್ಲಿ ಕಂಡ.
ಕಲ್ಲು ತಿರುಗುತ್ತಿತ್ತು, ಕಾಲೂ ತಿರುಗುತ್ತಿತ್ತು!
ಮೋಟಾರ್ ಕೆಟ್ಟಿತೇನು ಅಂತ ಓಡಿದೆ.
ಗಿರಾಕಿ ಹೋಗುವತನಕ ಸುಮ್ಮನಿದ್ದು, ಕಣ್ಣು ಹೊಡೆದ.
"ಶಹಾಪೇಟಿ ಬಾಯಿ ಒಬ್ಬಾಕಿ ಅಂದಳು:
ಕರೆಂಟ್ ದುಡಿತೈತಿ, ನಿನಗ್ಯಾಕ ಇಪ್ಪತ್ತು, ಹತ್ತು ತಗೋ.
ಅದಕ್ಕ ಹಿಂಗ, ಸುಳ್ಳ ಸುಳ್ಳ ತುಳಿತೀನಿ.
ತುಟ್ಟಿ ಇಲ್ಲ. ನೋವೂ ಇಲ್ಲ."
ಫ್ರೀವೀಲ್ ಟಿಕ್ ಟಿಕ್ ಎಂದು
ಅವನ ಸುಳ್ಳಿಗೆ ಹೂಂಗುಟ್ಟುತ್ತಿತ್ತು.

ಮೀಟರ್ ಮಾತ್ರ ಸುಳ್ಳು ನಿಜ ಅರಿಯದ ಪ್ರಾಣಿ.
ಗಾಲಿ ತಿರುಗಿದರೆ ಸಾಕು, ದಾರಿ ಸವೆಯಿತು ಅಂತ ಬರೆಯುತ್ತದೆ.
ಜೋರಾಪುರ ಪೇಟೆಯ ಬೇವಿನ ಬುಡದಿಂದ ಕದಲದೆ
ಮೂರೇ ದಿನಕ್ಕೆ ಅವನು ಸೊಲ್ಲಾಪುರ ಮುಟ್ಟಿದ್ದ.
ರಾತ್ರಿ ಬ್ಯಾಟರಿ ಬಿಚ್ಚಿ ಒಳಗೆ ಒಯ್ದರೆ
ಜೈತೂನಬಿ ರೊಟ್ಟಿ ಬಡಿಯುತ್ತಲೇ ಕೇಳುತ್ತಾಳಂತೆ:
"ಇವತ್ತ ಎಲ್ಲಿಗೆ ಬಂದ್ವಿ?"
"ಪುಣೆ ಹಿಂದ ಬಿತ್ತು."
"ನಾಸಿಕದಾಗ ಛಳಿ ಅಂತ, ಶಾಲು ತಗೋಬೇಕಿತ್ತು."
ಮದುವೆಯ ಹೊಸತರಲ್ಲಿ ಅವಳು ಒಂದೇ ಒಂದು ಊರು ಕೇಳಿದ್ದಳು:
ಅಜಮೇರ.
ಸಾಣೆಯ ದುಡ್ಡು ಅಲ್ಲಿತನಕ ಎಂದೂ ಮುಟ್ಟಿರಲಿಲ್ಲ.

ಮೊನ್ನೆ ಬ್ರೇಕಿನ ವಾಯರ್ ಕಟ್ಟಿಸಲು ಬಂದ.
ಮೀಟರ್ ನೋಡಿ ಮನಸ್ಸಿನಲ್ಲೇ ನಕಾಶೆ ಬಿಡಿಸಿದೆ.
"ಅಜಮೇರ ದಾಟಿ ಎಷ್ಟೋ ದೂರ ಹೋಗೀಯಲ್ಲ, ಸಾಬ!
ಇಳೀಲಿಲ್ಲೇನು?"

ಹೆಬ್ಬೆರಳ ಉಗುರಿನ ಮೇಲೆ ಒಂದು ಅಲಗಿನ ಹರಿತ ನೋಡುತ್ತ
ತಲೆ ಎತ್ತದೆ ಹೇಳಿದ:
"ಬಕ್ರೀದ್ ಎದುರಿಗಿತ್ತು ಬೇಟಿ.
ಓಣಿ ಮಂದಿಯೆಲ್ಲಾ ಚೂರಿ ಹಿಡಕೊಂಡು ಪಾಳಿ ಹಚ್ಚಿದ್ರು.
ನಿಲ್ಲಾಕ ಆಗಲಿಲ್ಲ."